ಬಟಾಟಿ ಮೊಳಕೆ ಒಡೆಯದಂತೆ ಇಡುವುದು ಹೇಗೆ? ಉಳ್ಳಾಗಡ್ಡಿಗೂ ಅದೇ ಪದ್ಧತಿ ನಡೆಯುತ್ತದೆಯೇ?



ಇಂಗಳೇಶ್ವರದ ಕಡೆಯ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ಇನ್ನೇನು ಏಳಬೇಕು ಅನ್ನುವಾಗ ಒಬ್ಬ ತಾಯಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ನಾಲ್ಕು ಬಟಾಟಿ ನನ್ನ ಮುಂದೆ ಇಟ್ಟರು. ಒಂದೊಂದಕ್ಕೂ ಬೆರಳುದ್ದ ಬಿಳಿ ಮೊಳಕೆ. ಮೈ ಸುಕ್ಕುಗಟ್ಟಿತ್ತು, ಒಂದರ ಪಕ್ಕ ಹಸಿರು ತಿರುಗಿತ್ತು. "ಸಿಸ್ಟರ್ ರೀ, ಶ್ರಾವಣದಾಗ ಬಾಗೇವಾಡಿ ಜಾತ್ರಿಗೆ ಬಜ್ಜಿ ಅಂಗಡಿ ಹಾಕೋಣು ಅಂತ ಸಂಘದಿಂದ ಒಂದು ಚೀಲ ತಗೊಂಡೀವ್ರಿ. ಈಗ ನೋಡ್ರಿ ಹೆಂಗ ಆಗ್ಯಾವ. ಇವು ತಿನ್ನಾಕ ಬರ್ತಾವೋ ಇಲ್ಲೋ?" ಎಂದರು.

ಅವರ ಲೆಕ್ಕ ಕೇಳಿರಿ. 50 ಕೆಜಿ ಚೀಲ, ಕೆಜಿಗೆ 18 ರೂಪಾಯಿಯಂತೆ 900 ರೂಪಾಯಿ. ಸಂತೆಯಲ್ಲಿ ಬಿಡಿಯಾಗಿ ಕೊಂಡರೆ 25 ರೂಪಾಯಿ. ಅಂದರೆ ಚೀಲಕ್ಕೆ 350 ರೂಪಾಯಿ ಉಳಿಯಬೇಕಾಗಿತ್ತು. ಆದರೆ ತಿಂಗಳು ಕಳೆಯುವಷ್ಟರಲ್ಲಿ 14 ಕೆಜಿ ತಿಪ್ಪೆಗೆ ಹೋಯಿತು. ಉಳಿದ 36 ಕೆಜಿಯನ್ನು ಸಂತೆಯಲ್ಲೇ 25ರಂತೆ ಕೊಂಡಿದ್ದರೆ ಎಷ್ಟಾಗುತ್ತಿತ್ತು? ಅದೇ 900 ರೂಪಾಯಿ! ಮೇಲೆ ಸಂಘದ ಸಾಲಕ್ಕೆ ನೂರಕ್ಕೆ ಎರಡರಂತೆ 18 ರೂಪಾಯಿ ಬಡ್ಡಿ, ಚೀಲ ತಂದ ಗಾಡಿ ಬಾಡಿಗೆ. ಚೀಲ ಸೋವಿ ಸಿಕ್ಕಿತು ಅಂತ ತಂದದ್ದು ಕೈಯಿಂದಲೇ ಹೋಯಿತು. ಇದು ಆ ಸಂಘದ ತಪ್ಪಲ್ಲ. ಯಾರೂ ಅವರಿಗೆ ಬಟಾಟಿಯ ಗುಣ ಹೇಳಿಕೊಟ್ಟಿರಲಿಲ್ಲ. ಜೋಳ, ತೊಗರಿ ಇಡುವುದು ನಮ್ಮ ತಾಯಂದಿರಿಗೆ ಗೊತ್ತು, ಹಗೇವಿನಲ್ಲಿ ಕಾಳು ತುಂಬಿದ ಹಿರಿಯರ ಮಕ್ಕಳು ನೀವು. ಆದರೆ ಬಟಾಟಿ ನಮ್ಮ ಹೊಲದ ಬೆಳೆಯಲ್ಲ, ಹೊರಗಿನಿಂದ ಬಂದದ್ದು. ಅದಕ್ಕೇ ಈ ಸಲ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಮೊಳಕೆ ಯಾಕೆ ಬರುತ್ತದೆ?

ಬಟಾಟಿ ಬೇರಲ್ಲ, ಹಣ್ಣೂ ಅಲ್ಲ. ಅದು ನೆಲದೊಳಗೆ ದಪ್ಪಗಾದ ಕಾಂಡ. ಮೈಮೇಲೆ ಕಾಣುವ ಸಣ್ಣ ಕುಳಿಗಳಿಗೆ ಕಣ್ಣು ಎನ್ನುತ್ತೇವಲ್ಲ, ಅವು ಮೊಗ್ಗುಗಳು. ಕಬ್ಬಿನ ಗೆಣ್ಣಿನಲ್ಲಿ ಕಣ್ಣು ಇರುವ ಹಾಗೆಯೇ. ಅಂದರೆ ನೀವು ಅಡಿಗೆಮನೆಯಲ್ಲಿ ಇಟ್ಟಿರುವುದು ಜೀವ ಇರುವ ವಸ್ತು. ಅದು ಉಸಿರಾಡುತ್ತದೆ, ನೀರು ಬಿಡುತ್ತದೆ. ಕಿತ್ತ ಮೇಲೆ ಸುಮಾರು ಎರಡು ಮೂರು ತಿಂಗಳು ಅದಕ್ಕೆ ನಿದ್ದೆ. ಈ ನಿದ್ದೆಯಲ್ಲಿ ಎಲ್ಲಿಟ್ಟರೂ ಬೇಗ ಮೊಳಕೆ ಬರುವುದಿಲ್ಲ. ನಿದ್ದೆ ಮುಗಿಯಿತೋ, ಬೆಚ್ಚಗಿನ ಜಾಗ ಸಿಕ್ಕರೆ ಸಾಕು, ಕಣ್ಣು ತೆರೆದುಬಿಡುತ್ತದೆ. ಮಣ್ಣೂ ಬೇಡ, ನೀರೂ ಬೇಡ. ತನ್ನೊಳಗಿನ ಪಿಷ್ಟ ಮತ್ತು ನೀರನ್ನೇ ತಿಂದು ಮೊಳಕೆ ಬೆಳೆಯುತ್ತದೆ. ಅದಕ್ಕೇ ಮೊಳಕೆ ಬಂದ ಬಟಾಟಿ ಮೆತ್ತಗಾಗಿ ಸುಕ್ಕುಗಟ್ಟುವುದು, ತೂಕ ಕಳೆದುಕೊಳ್ಳುವುದು.

ಈಗ ಒಂದು ಮುಖ್ಯ ಮಾತು. ಮಳೆಗಾಲದಲ್ಲಿ ನಮ್ಮ ಸಂತೆಗಳಿಗೆ ಬರುವ ಬಟಾಟಿ ಬಹಳಷ್ಟು ಉತ್ತರ ಹಿಂದೂಸ್ತಾನದ್ದು. ಆಗ್ರಾ ಕಡೆ ಫೆಬ್ರವರಿ ಮಾರ್ಚ್‌ನಲ್ಲಿ ಕಿತ್ತು ಕೋಲ್ಡ್ ಸ್ಟೋರೇಜಿನಲ್ಲಿ ತುಂಬುತ್ತಾರೆ. ಅಲ್ಲಿಂದ ನವೆಂಬರ್‌ವರೆಗೂ ಸ್ವಲ್ಪ ಸ್ವಲ್ಪ ತೆಗೆದು ಲಾರಿಗೆ ಹಾಕುತ್ತಾರೆ. ಜುಲೈ ಆಗಸ್ಟ್‌ನಲ್ಲಿ ನೀವು ಕೊಳ್ಳುವ ಆ ಬಟಾಟಿಗೆ ಆಗಲೇ ನಾಲ್ಕೈದು ತಿಂಗಳ ವಯಸ್ಸು. ನಿದ್ದೆ ಎಂದೋ ಮುಗಿದಿದೆ, ಬರೀ ಚಳಿಗೆ ಸುಮ್ಮನಿದೆ. ನಮ್ಮ ಮನೆಯ ಸೆಕೆಗೆ ಬಂದ ಒಂದೆರಡು ವಾರದಲ್ಲಿ ಮೊಳಕೆ ಒಡೆಯುವುದರಲ್ಲಿ ಆಶ್ಚರ್ಯವಿಲ್ಲ. ಜಾತ್ರೆಯ ಚೀಲಕ್ಕೆ ಆದದ್ದು ಇದೇ. ಹಾಸನ, ಬೆಳಗಾವಿ ಕಡೆಯ ಮುಂಗಾರಿನ ಹೊಸ ಬಟಾಟಿ ಬಂದಾಗ ಹಾಗಲ್ಲ. ಅದರ ಸಿಪ್ಪೆ ತೆಳ್ಳಗೆ, ಉಗುರಿನಿಂದ ಉಜ್ಜಿದರೆ ಏಳುತ್ತದೆ. ಅದು ಬೇಗ ಮೊಳಕೆ ಒಡೆಯದು, ಆದರೆ ಸಿಪ್ಪೆ ಎಳೆಯದಾದ್ದರಿಂದ ಕೊಳೆಯುವ ಭಯ ಹೆಚ್ಚು. ಕೊಳ್ಳುವಾಗ ಕಣ್ಣು ನೋಡಿ ಕೊಳ್ಳಿರಿ. ಕಣ್ಣಿನಲ್ಲಿ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ ಎದ್ದಿದ್ದರೆ ಅದು ಇಡುವ ಮಾಲಲ್ಲ, ವಾರದೊಳಗೆ ಉಣ್ಣುವ ಮಾಲು.

ಎಲ್ಲಿ ಇಡಬೇಕು?

ಬಟಾಟಿಗೆ ಬೇಕಾದದ್ದು ಕತ್ತಲೆ, ತಂಪು, ಗಾಳಿ. ನಮ್ಮಲ್ಲಿ ಹೆಚ್ಚಿನವರು ಇಡುವುದು ಒಲೆಯ ಪಕ್ಕ, ಇಲ್ಲವೆ ಗ್ಯಾಸಿನ ಕಟ್ಟೆಯ ಕೆಳಗೆ, ಪ್ಲಾಸ್ಟಿಕ್ ಕ್ಯಾರಿಬ್ಯಾಗ್‌ನಲ್ಲಿ ಗಂಟು ಹಾಕಿ. ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಒಲೆಯ ಶಾಖ ಮೊಳಕೆ ಎಬ್ಬಿಸುತ್ತದೆ. ಪ್ಲಾಸ್ಟಿಕ್ಕಿನೊಳಗೆ ಬಟಾಟಿ ಬಿಟ್ಟ ನೀರು ಅಲ್ಲೇ ಹನಿಯಾಗಿ ಕೊಳೆ ಹಿಡಿಸುತ್ತದೆ. ಬೇಸಿಗೆಯಲ್ಲಿ ಗಾಳಿ ಸಿಗದೆ ಒಳಗಿನ ತಿರುಳು ಕಪ್ಪಾಗುವುದೂ ಉಂಟು. ಹೊರಗೆ ಚೆಂದ ಕಾಣುತ್ತದೆ, ಕೊಯ್ದರೆ ನಡುವೆ ಕಪ್ಪು. ಅದು ರೋಗವಲ್ಲ, ಉಸಿರುಗಟ್ಟಿದ್ದು.

ಮಣ್ಣಿನ ಗೋಡೆಯ ಮಾಳಿಗೆ ಮನೆ ಇದ್ದವರು ಪುಣ್ಯವಂತರು. ಒಳಗಿನ ಕೋಣೆ ಬೇಸಿಗೆಯಲ್ಲೂ ತಂಪು. ಪತ್ರಾಸ್ ಮನೆಯಲ್ಲಿ ಮಾತ್ರ ಏಪ್ರಿಲ್ ಮೇ ತಿಂಗಳಲ್ಲಿ ಬಟಾಟಿ ಇಡುವ ಆಸೆಯೇ ಬೇಡ. ನಮ್ಮ ಜಿಲ್ಲೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಪತ್ರಾಸಿನ ಕೆಳಗೆ ಇನ್ನೂ ಹೆಚ್ಚು. ಗೋಣಿ ಚೀಲ ಅಥವಾ ಬಿದಿರಿನ ಬುಟ್ಟಿಯಲ್ಲಿ ಹಾಕಿ, ನೆಲಕ್ಕೆ ತಾಗದಂತೆ ಎರಡು ಇಟ್ಟಂಗಿ ಮೇಲೆ ಹಲಗೆ ಇಟ್ಟು ಅದರ ಮೇಲೆ ಇಡಿರಿ. ಮೇಲೆ ಗೋಣಿ ಮುಚ್ಚಿರಿ, ಬೆಳಕು ಬೀಳಬಾರದು. ತೊಳೆದು ಇಡಬೇಡಿರಿ. ಮಣ್ಣು ಮೆತ್ತಿದ್ದರೆ ಕೈಯಿಂದ ಒರೆಸಿದರೆ ಸಾಕು. ಕೊಯ್ದದ್ದು, ಗುದ್ದಲಿ ತಾಗಿದ್ದು, ಜಜ್ಜಿದ್ದು ಮೊದಲೇ ಆರಿಸಿ ಅಡಿಗೆಗೆ ಹಾಕಿರಿ. ವಾರಕ್ಕೊಮ್ಮೆ ಬುಟ್ಟಿ ಸುರುವಿ ನೋಡುವುದು ಐದು ನಿಮಿಷದ ಕೆಲಸ. ಒಂದು ಕೊಳೆತರೆ ಸುತ್ತಲಿನ ಹತ್ತಕ್ಕೆ ಹಿಡಿಯುತ್ತದೆ. ಅದರ ವಾಸನೆ ನಿಮಗೆಲ್ಲಾ ಗೊತ್ತೇ ಇದೆ, ಮನೆ ಬಿಟ್ಟು ಓಡಬೇಕು!

ಫ್ರಿಜ್ಜು ಇದ್ದವರು ಕೇಳುತ್ತಾರೆ, ಅದರಲ್ಲಿ ಇಟ್ಟರೆ ಹೇಗೆ ಅಂತ. ಮೊಳಕೆ ಬರುವುದಿಲ್ಲ, ನಿಜ. ಆದರೆ ಅಷ್ಟು ಚಳಿಯಲ್ಲಿ ಬಟಾಟಿಯ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ. ಪಲ್ಯ ಸಿಹಿಯಾಗುತ್ತದೆ. ಬಜ್ಜಿ, ಚಿಪ್ಸ್ ಕರಿದರೆ ಬೇಗ ಕಂದುಗಟ್ಟಿ ಕಹಿಯಾಗುತ್ತದೆ, ಹಾಗೆ ಕಂದಿದ್ದು ಆರೋಗ್ಯಕ್ಕೂ ಒಳ್ಳೆಯದಲ್ಲ. ಚಿಪ್ಸ್ ಮಾಡಿ ಮಾರುವ ಸಂಘದವರು ಇದನ್ನು ನೆನಪಿಡಬೇಕು. ಬಣ್ಣ ಕೆಟ್ಟರೆ ಎಣ್ಣೆಯನ್ನು ಬೈಯಬೇಡಿರಿ, ಬಟಾಟಿಯನ್ನು ನೋಡಿರಿ.

ಎರಡು ಗಡಿಗೆಯ ಉಪಾಯ

ಬೇಸಿಗೆಗೆ ಒಂದು ಅಗ್ಗದ ಉಪಾಯವಿದೆ. ಒಂದು ದೊಡ್ಡ ಹರವಿ, ಅದರೊಳಗೆ ಕೂಡುವಂಥ ಒಂದು ಸಣ್ಣ ಗಡಿಗೆ. ಎರಡೂ ಮಣ್ಣಿನವು, ಒಳಗೆ ಹೊಳಪಿನ ಬಣ್ಣ ಬಳಿದಿರಬಾರದು. ಹರವಿಯ ತಳಕ್ಕೆ ಉಸುಕು ಹಾಕಿ, ಮೇಲೆ ಗಡಿಗೆ ಇಟ್ಟು, ಸುತ್ತಲಿನ ಸಂದಿಗೂ ಉಸುಕು ತುಂಬಿರಿ. ಮುಂಜಾನೆ ಸಂಜೆ ಉಸುಕಿಗೆ ನೀರು ಹಾಕಿರಿ. ಒಳಗಿನ ಗಡಿಗೆಯಲ್ಲಿ ಕಾಯಿಪಲ್ಲೆ ಇಟ್ಟು ಒದ್ದೆ ಅರಿವೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ಇಡಿರಿ. ನೀರು ಆವಿಯಾಗಿ ಹೋಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಒಳಗೆ ತಂಪು ನಿಲ್ಲುತ್ತದೆ. ಕುಡಿಯುವ ನೀರಿನ ಗಡಿಗೆ ತಂಪಾಗುವುದೂ ಇದೇ ಕಾರಣಕ್ಕೆ. ಆಫ್ರಿಕಾದ ನೈಜೀರಿಯಾ ದೇಶದ ಉತ್ತರ ಭಾಗದಲ್ಲಿ ಮೊಹಮ್ಮದ್ ಬಾ ಅಬ್ಬಾ ಎಂಬ ಶಿಕ್ಷಕರು 1995ರಲ್ಲಿ ಇದನ್ನು ಬಡವರ ಮನೆಗಳಿಗಾಗಿ ಮಾಡಿಸಿ ಹಂಚಲು ಆರಂಭಿಸಿದರು. ಅಲ್ಲಿಯೂ ನಮ್ಮ ಹಾಗೆ ಒಣ ಬಿಸಿಲಿನ ಸೀಮೆ. ಅದಕ್ಕಾಗಿ 2000ನೇ ಇಸವಿಯಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು.

ಸಂಘವಾಗಿ ಮಾಡುವುದಾದರೆ ಇದನ್ನೇ ದೊಡ್ಡದು ಮಾಡಬಹುದು. ದಿಲ್ಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ತೋರಿಸಿಕೊಟ್ಟ ಇಟ್ಟಂಗಿ ತೊಟ್ಟಿ ಇದೆ. ಎರಡು ಸುತ್ತು ಇಟ್ಟಂಗಿ ಗೋಡೆ, ನಡುವೆ ಉಸುಕು, ಮೇಲೆ ಹುಲ್ಲಿನ ಅಥವಾ ಗೋಣಿಯ ಮುಚ್ಚಳ. ಕರೆಂಟು ಬೇಡ. ಒಣ ಬೇಸಿಗೆಯಲ್ಲಿ ಹೊರಗಿನದಕ್ಕಿಂತ 10 ಡಿಗ್ರಿಗೂ ಹೆಚ್ಚು ತಂಪು ಇಳಿಸುತ್ತದೆ. ಒಂದು ಮಾತು, ಮಳೆಗಾಲದಲ್ಲಿ ಇದು ಕೆಲಸ ಮಾಡುವುದಿಲ್ಲ. ಹೊರಗಿನ ಗಾಳಿಯೇ ಒದ್ದೆ ಇರುವಾಗ ನೀರು ಆವಿಯಾಗುವುದು ಹೇಗೆ? ಮತ್ತೊಂದು, ಉಳ್ಳಾಗಡ್ಡಿಯನ್ನು ಇದರಲ್ಲಿ ಎಂದೂ ಇಡಬೇಡಿರಿ. ಕಾರಣ ಮುಂದೆ ಹೇಳುತ್ತೇನೆ.

ಕೇಳಿದ ಮಾತು, ನೋಡಿದ ಮಾತು

ಬಟಾಟಿ ಬುಟ್ಟಿಯಲ್ಲಿ ಒಂದು ಸೇಬು ಇಟ್ಟರೆ ಮೊಳಕೆ ಬರುವುದಿಲ್ಲ ಎಂದು ಟಿವಿಯಲ್ಲಿ ಹೇಳಿದರಂತೆ. ಪೂರ್ತಿ ಸುಳ್ಳಲ್ಲ. ಸೇಬು ಬಿಡುವ ಒಂದು ಗಾಳಿ ಮೊಳಕೆ ಉದ್ದವಾಗುವುದನ್ನು ತಡೆಯುತ್ತದೆ. ಆದರೆ ಎರಡು ಕೆಜಿ ಬಟಾಟಿ ಕಾಯಲಿಕ್ಕೆ ಮೂವತ್ತು ರೂಪಾಯಿಯ ಸೇಬು ಕೂಡಿಸುವುದಕ್ಕಿಂತ ಆ ಸೇಬನ್ನು ಮಕ್ಕಳಿಗೆ ಕೊಡುವುದು ಮೇಲು. ಬಟಾಟಿಯ ತವರಾದ ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ರೈತರು ಪುದೀನದ ಜಾತಿಯ ಒಂದು ಕಾಡು ಸೊಪ್ಪನ್ನು ಬಟಾಟಿ ರಾಶಿಯ ನಡುವೆ ಹಾಸುತ್ತಾರೆ. ಅದರ ಘಾಟಿಗೆ ಮೊಳಕೆ ಹಿಂಜರಿಯುತ್ತದೆ. ಈಗ ಯುರೋಪಿನ ಗೋದಾಮುಗಳಲ್ಲಿ ಪುದೀನದ ಎಣ್ಣೆಯನ್ನೇ ಬಳಸುತ್ತಾರೆ. ಮೊದಲು ಅಲ್ಲಿ ಸಿಐಪಿಸಿ ಎಂಬ ರಾಸಾಯನಿಕ ಹೊಗೆ ಹಾಕುತ್ತಿದ್ದರು. ಆರೋಗ್ಯದ ಸಂಶಯದಿಂದ 2020ರಲ್ಲಿ ಅದನ್ನು ಅಲ್ಲಿ ನಿಲ್ಲಿಸಲಾಯಿತು.

ಪುಡಿ, ಗುಳಿಗೆಯ ವಿಷಯದಲ್ಲಿ ಕೈಮುಗಿದು ಹೇಳುತ್ತೇನೆ. ಜೋಳದ ಚೀಲದಲ್ಲಿ ಇಡುವ ಗುಳಿಗೆಯನ್ನು ಬಟಾಟಿಗೋ ಉಳ್ಳಾಗಡ್ಡಿಗೋ ಇಟ್ಟರೆ ಕೆಡುವುದಿಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿರಿ. ಆ ಗುಳಿಗೆ ಹಸಿ ತಾಗಿದರೆ ವಿಷದ ಗಾಳಿ ಬಿಡುತ್ತದೆ. ಅಂಥ ಕೋಣೆಯಲ್ಲಿ ಮಲಗಿದವರು ಮುಂಜಾನೆ ಏಳದೆ ಹೋದದ್ದುಂಟು. ಅದು ಮೊಳಕೆಯನ್ನು ತಡೆಯುವ ಔಷಧವೂ ಅಲ್ಲ, ಮನೆಯೊಳಗೆ ಇಡುವ ವಸ್ತುವೂ ಅಲ್ಲ.

ಮೊಳಕೆ ಬಂದದ್ದನ್ನು ತಿನ್ನಬಹುದೇ?

ಆ ತಾಯಿಯ ಪ್ರಶ್ನೆ ಇದೇ ಆಗಿತ್ತು, ಇದಕ್ಕೆ ನಾನು ಸ್ವಲ್ಪ ಉದ್ದ ಉತ್ತರ ಕೊಡಬೇಕು.

ಬಟಾಟಿಯ ಮೊಳಕೆಯಲ್ಲಿ ಮತ್ತು ಹಸಿರಾದ ಭಾಗದಲ್ಲಿ ಸೋಲನಿನ್ ಎಂಬ ವಿಷದ ಅಂಶ ಕೂಡುತ್ತದೆ. ಹಸಿರು ಬಣ್ಣ ಸ್ವತಃ ವಿಷವಲ್ಲ, ಅದು ಎಲೆಯ ಹಸಿರೇ. ಆದರೆ ಬೆಳಕು ಬಿದ್ದಾಗ ಎರಡೂ ಕೂಡಿಯೇ ಹೆಚ್ಚುತ್ತವೆ. ಹಾಗಾಗಿ ಹಸಿರು ಕಂಡರೆ ಎಚ್ಚರಿಕೆ ಎಂದು ತಿಳಿಯಬೇಕು. ಕುದಿಸಿದರೂ ಕರಿದರೂ ಈ ವಿಷ ಹೋಗುವುದಿಲ್ಲ. ಹೆಚ್ಚು ತಿಂದರೆ ಹೊಟ್ಟೆನೋವು, ವಾಂತಿ, ಭೇದಿ, ತಲೆನೋವು.

1969ರಲ್ಲಿ ಲಂಡನ್ ಪಟ್ಟಣದ ಒಂದು ಹುಡುಗರ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 78 ಮಕ್ಕಳು ಕಾಯಿಲೆ ಬಿದ್ದರು. 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹುಡುಕಿ ನೋಡಿದರೆ, ಬೇಸಿಗೆ ರಜೆಗೆ ಮುಂಚಿನಿಂದ ಉಳಿದಿದ್ದ ಒಂದು ಹಳೆಯ ಬಟಾಟಿ ಚೀಲವನ್ನು ರಜೆ ಮುಗಿದ ಮೇಲೆ ಬಿಚ್ಚಿ ಅಡಿಗೆಗೆ ಬಳಸಿದ್ದರು. ದೇವರ ದಯೆ, ಎಲ್ಲಾ ಮಕ್ಕಳೂ ಗುಣವಾದರು. ಈ ಸಂಗತಿಯನ್ನು ನಾನು ಬೇಕೆಂದೇ ಬರೆದೆ. ನಮ್ಮ ಸಂಘಗಳ ಎಷ್ಟೋ ಸದಸ್ಯೆಯರು ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತೀರಿ, ಅಂಗನವಾಡಿಯಲ್ಲಿ ಇದ್ದೀರಿ. ರಜೆ ಮುಗಿಸಿ ಬಂದ ಮೊದಲನೇ ದಿನ ಮೂಲೆಯಲ್ಲಿ ಉಳಿದ ಚೀಲ ಕಂಡರೆ, "ಯಾಕ ಹಾಳ ಮಾಡೂದು" ಅಂತ ಸಾರಿಗೆ ಹಾಕುವುದು ನಮ್ಮ ಹೆಣ್ಣುಮಕ್ಕಳ ಸ್ವಭಾವ. ಚೆಲ್ಲಲು ಮನಸ್ಸು ಬಾರದು. ಆದರೆ ಸಣ್ಣ ಮಕ್ಕಳ ಮೈತೂಕ ಕಡಿಮೆ, ದೊಡ್ಡವರಿಗೆ ಏನೂ ಆಗದಷ್ಟು ವಿಷವೂ ಅವರಿಗೆ ಹೆಚ್ಚಾಗುತ್ತದೆ. ಮೇಲಧಿಕಾರಿಗೆ ಹೇಳಿ, ಪುಸ್ತಕದಲ್ಲಿ ಬರೆದು, ಎಸೆದುಬಿಡಿರಿ.

ಮನೆಯ ಮಟ್ಟಿಗೆ ಹೇಳುವುದಾದರೆ, ಬಟಾಟಿ ಗಟ್ಟಿಯಾಗಿದ್ದು, ಮೊಳಕೆ ಸಣ್ಣದಿದ್ದು, ಹಸಿರು ಇಲ್ಲದಿದ್ದರೆ ಮೊಳಕೆಯನ್ನು ಬುಡದ ಕಣ್ಣು ಸಹಿತ ಆಳವಾಗಿ ಕೊರೆದು ತೆಗೆದು, ಸಿಪ್ಪೆ ದಪ್ಪಗೆ ಹೆರೆದು ಬಳಸಬಹುದು. ಒಂದು ಕಡೆ ಮಾತ್ರ ಸ್ವಲ್ಪ ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕೊಯ್ದು ತೆಗೆಯಿರಿ. ಉದ್ದ ಮೊಳಕೆ, ಸುಕ್ಕು ಮೈ, ಬಹಳ ಹಸಿರು ಇದ್ದರೆ ತಿಪ್ಪೆಗೆ. ಬೇಯಿಸಿದ ಮೇಲೆ ಬಾಯಿಗೆ ಕಹಿ ತಾಗಿದರೆ ಅಲ್ಲಿಗೇ ಬಿಡಿರಿ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಮೊಳಕೆ ಒಡೆದದ್ದು ಬೇಡವೇ ಬೇಡ. ಮೊಳಕೆ, ಹಸಿರು ಸಿಪ್ಪೆಯನ್ನು ಎಮ್ಮೆಯ ಮುಸುರೆಗೂ ಹಾಕಬೇಡಿರಿ, ಅವಕ್ಕೂ ವಿಷವೇ.

ನಮ್ಮ ಕಾನ್ವೆಂಟಿನ ಕಥೆಯನ್ನೂ ಹೇಳಿಬಿಡುತ್ತೇನೆ. ತಪಸ್ಸು ಕಾಲದಲ್ಲಿ ಮಾಂಸ ಬಿಡುತ್ತೇವೆ, ಬಟಾಟಿಯ ಖರ್ಚು ಹೆಚ್ಚು. ಒಂದು ವರ್ಷ ನಾನೇ ಹತ್ತು ಕೆಜಿ ತಂದು, ಗಾಳಿ ಬೇಕಲ್ಲ ಎಂದು ಕಿಟಕಿಯ ಕಟ್ಟೆಯ ಮೇಲೆ ಚೆಂದಾಗಿ ಹರವಿದೆ. ವಾರದಲ್ಲಿ ಅರ್ಧಕ್ಕರ್ಧ ಹಸಿರು. ಗಾಳಿ ನೆನಪಿತ್ತು, ಕತ್ತಲೆ ಮರೆತಿದ್ದೆ. ಎಂ.ಎಸ್.ಡಬ್ಲ್ಯೂ. ಓದಿನಲ್ಲಿ ಬಟಾಟಿಯ ಪಾಠ ಇರಲಿಲ್ಲ!

ಇನ್ನು ನಮ್ಮ ಉಳ್ಳಾಗಡ್ಡಿ

ಬಾಗೇವಾಡಿ, ಕೊಲ್ಹಾರ ಸೀಮೆಯವರಿಗೆ ಬಟಾಟಿಗಿಂತ ಉಳ್ಳಾಗಡ್ಡಿಯೇ ಜೀವ. ದರ ಏರಿದಾಗ ಮನೆಯಲ್ಲಿ ಮಾಲು ಇರುವುದಿಲ್ಲ, ಮಾಲು ಇದ್ದಾಗ ದರ ಇರುವುದಿಲ್ಲ. ಇಟ್ಟುಕೊಳ್ಳೋಣ ಅಂದರೆ ಕೊಳೆಯುತ್ತದೆ, ಮೊಳಕೆ ಒಡೆಯುತ್ತದೆ. ಅದಕ್ಕೇ ಸಿಕ್ಕ ದರಕ್ಕೆ ಅಡತಿಯಲ್ಲಿ ಕೊಟ್ಟು ಬರುತ್ತೇವೆ.

ಬಟಾಟಿಯ ಪದ್ಧತಿಯನ್ನು ಉಳ್ಳಾಗಡ್ಡಿಗೆ ಹಚ್ಚಿದರೆ ಕೆಡುತ್ತದೆ. ಬಟಾಟಿಗೆ ತಂಪು ಮತ್ತು ಸ್ವಲ್ಪ ತೇವ ಬೇಕು. ಉಳ್ಳಾಗಡ್ಡಿಗೆ ಒಣ ಗಾಳಿ ಬೇಕು, ಬೆಚ್ಚಗಿದ್ದರೂ ನಡೆದೀತು. 25ರಿಂದ 30 ಡಿಗ್ರಿ ಶಾಖದಲ್ಲಿ ಅದು ಸುಮ್ಮನಿರುತ್ತದೆ. ಮೊಳಕೆ ಬರುವುದು ಚಳಿಗಾಲದ 10-20 ಡಿಗ್ರಿ ತಂಪಿನಲ್ಲಿ. ಕೊಳೆಯುವುದು ಮಳೆಗಾಲದ ಹಸಿಯಲ್ಲಿ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಬಟಾಟಿ ಬಿಡುವ ನೀರಿನ ಹಸಿಗೆ ಉಳ್ಳಾಗಡ್ಡಿ ಕೊಳೆಯುತ್ತದೆ. ಒದ್ದೆ ಉಸುಕಿನ ಗಡಿಗೆಯಲ್ಲಿ ಬೇಡ ಎಂದು ಹೇಳಿದ್ದೂ ಅದಕ್ಕೇ.

ಇಡುವುದು ಹೊಲದಲ್ಲಿಯೇ ಶುರುವಾಗುತ್ತದೆ. ಮುಂಗಾರಿ ಉಳ್ಳಾಗಡ್ಡಿಯಲ್ಲಿ ನೀರಿನ ಅಂಶ ಹೆಚ್ಚು, ಅದು ಬಹಳ ದಿನ ತಾಳುವುದಿಲ್ಲ. ಅದನ್ನು ಇಡುವ ಹಟ ಬೇಡ, ಮಾರಿಬಿಡಿರಿ. ಬೇಸಿಗೆಗೆ ಬರುವ ಹಿಂಗಾರಿ ಉಳ್ಳಾಗಡ್ಡಿ ಚೆನ್ನಾಗಿ ಒಣಗಿಸಿದರೆ ನಾಲ್ಕೈದು ತಿಂಗಳು ತಾಳುತ್ತದೆ. ಅರ್ಧದಷ್ಟು ಗಿಡಗಳ ತಪ್ಪಲು ಕುತ್ತಿಗೆ ಬಗ್ಗಿ ಬಿದ್ದಾಗ ಕೀಳಬೇಕು. ಅದಕ್ಕೆ ಹತ್ತು ಹದಿನೈದು ದಿನ ಮೊದಲೇ ನೀರು ನಿಲ್ಲಿಸಬೇಕು. ಕೊನೆ ಕೊನೆಗೆ ಯೂರಿಯಾ ಹಾಕಿ ಗಡ್ಡೆ ಊದಿಸಿದರೆ ತೂಕ ಬಂದೀತು, ಕುತ್ತಿಗೆ ದಪ್ಪಾಗಿ ಇಡಲು ಬಾರದು. ಕಿತ್ತದ್ದನ್ನು ಮೂರರಿಂದ ಐದು ದಿನ ಹೊಲದಲ್ಲೇ ಸಾಲಾಗಿ ಹಾಕಿ, ಒಂದರ ತಪ್ಪಲು ಇನ್ನೊಂದರ ಗಡ್ಡೆಯ ಮೇಲೆ ಬರುವಂತೆ ಮುಚ್ಚಿರಿ, ಬಿಸಿಲು ನೇರ ಬಿದ್ದರೆ ಸುಡುತ್ತದೆ. ಆಮೇಲೆ ಗಡ್ಡೆಯ ಮೇಲೆ ಒಂದು ಇಂಚಿನಷ್ಟು ಕುತ್ತಿಗೆ ಬಿಟ್ಟು ತಪ್ಪಲು ಕೊಯ್ದು, ನೆರಳಿನಲ್ಲಿ ಹತ್ತು ಹನ್ನೆರಡು ದಿನ ಒಣಗಿಸಬೇಕು. ಕುತ್ತಿಗೆ ಹೊಸಕಿದರೆ ಹಸಿ ತಾಗಬಾರದು, ಹೊರ ಸಿಪ್ಪೆ ಸರಬರ ಸದ್ದು ಮಾಡಬೇಕು. ಜೋಡು ಗಡ್ಡೆ, ಹೂವಿನ ದಂಟು ಬಂದದ್ದು, ದಪ್ಪ ಕುತ್ತಿಗೆಯದ್ದು, ಪೆಟ್ಟು ಬಿದ್ದದ್ದು ಬೇರೆ ತೆಗೆಯಿರಿ.

ನೆಲದ ಮೇಲೆ ರಾಶಿ ಹಾಕುವುದೇ ನಮ್ಮ ದೊಡ್ಡ ತಪ್ಪು. ನೆಲದಿಂದ ಒಂದೂವರೆ ಎರಡು ಅಡಿ ಎತ್ತರಕ್ಕೆ ಬಿದಿರು ಅಥವಾ ಕಟ್ಟಿಗೆಯ ಅಟ್ಟ ಕಟ್ಟಿ, ಕೆಳಗಿನಿಂದಲೂ ಪಕ್ಕದಿಂದಲೂ ಗಾಳಿ ಹಾಯುವಂತೆ ಮಾಡಿ, ನಾಲ್ಕೈದು ಅಡಿಗಿಂತ ಎತ್ತರ ಒಟ್ಟದಿರಿ. ಹೆಚ್ಚು ಒಟ್ಟಿದರೆ ಕೆಳಗಿನವು ಭಾರಕ್ಕೆ ಜಜ್ಜುತ್ತವೆ. ಮೇಲೆ ಹುಲ್ಲು ಅಥವಾ ಹೆಂಚು ಒಳ್ಳೆಯದು. ತೋಟಗಾರಿಕೆ ಇಲಾಖೆಯಿಂದ ಉಳ್ಳಾಗಡ್ಡಿ ಶೇಖರಣೆ ಘಟಕಕ್ಕೆ ಸಹಾಯಧನ ಕೊಡುವ ಯೋಜನೆಗಳಿವೆ. ಈ ವರ್ಷ ಎಷ್ಟು, ಯಾರಿಗೆ ಎನ್ನುವುದನ್ನು ತಾಲೂಕಿನ ಕಚೇರಿಗೆ ಹೋಗಿ ಕೇಳಿರಿ. ಪಹಣಿ ಗಂಡಸರ ಹೆಸರಿನಲ್ಲಿ ಇದ್ದರೂ ಕೇಳಲು ನೀವೇ ಹೋಗಬಹುದು, ಇಬ್ಬರು ಮೂವರು ಕೂಡಿ ಹೋಗಿರಿ.

ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಲಾಸಲಗಾಂವದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು 2002ರಲ್ಲಿ ಕೃಷಕ್ ಎಂಬ ಘಟಕ ಆರಂಭಿಸಿದರು. ಅಲ್ಲಿ ಉಳ್ಳಾಗಡ್ಡಿಯನ್ನು ಬಹಳ ಕಡಿಮೆ ಪ್ರಮಾಣದ ಗಾಮಾ ಕಿರಣಕ್ಕೆ ಒಡ್ಡಿ ಮೊಳಕೆಯ ಶಕ್ತಿಯನ್ನೇ ನಿಲ್ಲಿಸುತ್ತಾರೆ. ಬಟಾಟಿಗೂ ಇದು ಆಗುತ್ತದೆ. ತಿನ್ನಲು ಭಯವಿಲ್ಲ, ಎಕ್ಸ್‌ರೇ ತೆಗೆಸಿಕೊಂಡವರು ಎಕ್ಸ್‌ರೇ ಆಗಿಬಿಡುವುದಿಲ್ಲ ಹಾಗೆ. ಆದರೆ ಕೊಳೆಯುವುದನ್ನು ಇದು ತಡೆಯದು, ಬೀಜಕ್ಕೂ ಆ ಮಾಲು ಬಾರದು.

ಮತ್ತೊಂದು ಭೇದ ತಿಳಿದಿರಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಮೊಳಕೆ ಒಡೆದರೆ ವಿಷವಿಲ್ಲ. ರುಚಿ ತಗ್ಗುತ್ತದೆ ಅಷ್ಟೆ. ಹಸಿರು ಮೊಳಕೆಯನ್ನು ಹೆಚ್ಚಿ ಜುನಕಕ್ಕೆ ಹಾಕಬಹುದು.

ಆ ಸಂಘದವರು ಈಗ ಏನು ಮಾಡುತ್ತಿದ್ದಾರೆ? ಚೀಲ ಕೊಳ್ಳುವುದನ್ನು ಬಿಟ್ಟಿಲ್ಲ, ಇಡುವುದನ್ನು ಬಿಟ್ಟಿದ್ದಾರೆ. ಸಭೆಯ ದಿನ ಚೀಲ ತರಿಸಿ, ಅಲ್ಲೇ ಸುರುವಿ ಆರಿಸಿ, 15 ಮಂದಿ ತೂಗಿ ಹಂಚಿಕೊಳ್ಳುತ್ತಾರೆ. ತಲಾ ಮೂರು ಕೆಜಿ ಚಿಲ್ಲರೆ. ಹದಿನೈದು ದಿನದೊಳಗೆ ಖರ್ಚಾಗುತ್ತದೆ, ಮೊಳಕೆಗೆ ಸಮಯವೇ ಇಲ್ಲ. ಹಣ ಅವತ್ತೇ ಕೂಡುವುದರಿಂದ ಬಡ್ಡಿಯೂ ಇಲ್ಲ. ಜಾತ್ರೆಯ ಬಜ್ಜಿಗೆ ಮಾತ್ರ ಹಿಂದಿನ ದಿನವೇ ಬಾಗೇವಾಡಿಯಿಂದ ತರುತ್ತಾರಂತೆ. "ಕೆಜಿಗೆ ಎರಡು ರೂಪಾಯಿ ಜಾಸ್ತಿ ಹೋಗ್ಲಿ ಬಿಡ್ರಿ ಸಿಸ್ಟರ್, ತಿಪ್ಪಿಗಿ ಹೋಗೂದು ತಪ್ತು" ಎಂದು ಆ ತಾಯಿ ಮೊನ್ನೆ ಹೇಳಿದರು.